ಪಾರದದೋಷವೂ ಮಿನಮಾತಾ ಕೊಲ್ಲಿಯ ಶುದ್ಧಿಯೂ



ಪಾರದವು ವೈದ್ಯರಿಗೂ ರಸವಾದಿಗಳಿಗೂ ಪುರಾತನ ಕಾಲದಿಂದ ಪರಿಚಿತವಾದ ದ್ರವ್ಯವು. ಎಲೆ, ಸಗಣಿ ಮೊದಲಾದ ಕಸವು ಕೊಳೆತು ಮಣ್ಣಾಗುವದು. ಪಾರದವಾದರೋ ಮೂಲಧಾತುವಾದುದರಿಂದ ರೂಪವನ್ನು ಬದಲಿಸುವದಲ್ಲದೆ ನಾಶವನ್ನು ಹೊಂದದು. ಅಂತಹ ವಿಷವು ಸೇರಿದ ನೆಲಜಲಗಳನ್ನು ಶುದ್ಧಿಗೊಳಿಸುವ ಬಗೆ ಹೇಗೆ? ಜಪಾನ ದೇಶದ ಮಿನಮಾತಾ ಕೊಲ್ಲಿಯ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಅಲ್ಲಿಯ ರಸಾಯನ ಕಾರಖಾನೆಯೊಂದು 1932ರಿಂದ 1968ರ ವರೆಗೆ ಪಾರದದ ನೆರವಿನಿಂದ ಅಸೆಟಾಲ್ಡಿಹೈಡ್ ಎಂಬ ದ್ರವ್ಯವನ್ನು ತಯಾರಿಸಿ, ಹೊಲಸು ನೀರನ್ನು ಹೊರಬಿಡುತ್ತಿದ್ದಿತು. ಅದರೊಳಗಿನ ಮೀಥೈಲ್ ಪಾರದವು ಮೀನುಗಳನ್ನು ಸೇರಿ, ಅವನ್ನು ಉಂಡ ಬೆಸ್ತರ ನರಮಂಡಲವನ್ನು ಕೆಡಿಸಿತು. ಕೈಕಾಲು ನಡುಗಿದವು, ಮಾತು ತೊದಲಿತು, ಗರ್ಭಸ್ಥ ಶಿಶುಗಳೂ ಪಾರಾಗಲಿಲ್ಲ. ರೋಗವು 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂದಿತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸೇಂದ್ರಿಯ ಪಾರದವೇ ಕಾರಣವೆಂದು ಸಾರಿದರು. ಅದೇ ವರ್ಷ ಕಾರಖಾನೆಯ ಆಸ್ಪತ್ರೆಯ ವೈದ್ಯರಾದ ಹೊಸೊಕಾವಾ ಹಾಜಿಮೆಯವರು ಆ ನೀರನ್ನು ಆಹಾರದಲ್ಲಿ ಬೆರೆಸಿ ಬೆಕ್ಕಿಗೆ ಉಣಿಸಲು, ಅದಕ್ಕೂ ಅದೇ ರೋಗವು ತಗಲಿತು. ಆದರೆ ಈ ಸತ್ಯವನ್ನು ಮುಚ್ಚಿಡಲಾಯಿತು. ಮತ್ತೆ ಒಂಬತ್ತು ವರ್ಷ ವಿಷವು ಹರಿಯಿತು.

ಶುದ್ಧಿಕಾರ್ಯವು 1977ರಿಂದ 1990ರ ವರೆಗೆ ನಡೆಯಿತು. ಹತ್ತು ಲಕ್ಷ ಭಾಗಕ್ಕೆ 25 ಭಾಗವನ್ನು ಮೀರಿ ಪಾರದವಿದ್ದ ಕೆಸರೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಲು, ಅದು ಸುಮಾರು 15 ಲಕ್ಷ ಘನ ಮೀಟರಿನಷ್ಟಾಯಿತು. ಅತಿ ಕಲುಷಿತವಾದ ಒಳಭಾಗಕ್ಕೆ ಉಕ್ಕಿನ ಗೋಡೆಯನ್ನು ಕಟ್ಟಿ, ಉಳಿದೆಡೆಯ ಕೆಸರನ್ನು ಕದಡದಂತೆ ಹೀರಿ ತಂದು ಅಲ್ಲಿಯೇ ತುಂಬಿ, ಮೇಲೆ ಹೊದಿಕೆ ಹಾಸಿ ಶುದ್ಧ ಮಣ್ಣನ್ನು ಹರಡಿದರು. ಹೀಗೆ 58 ಹೆಕ್ಟೇರು ಹೊಸ ನೆಲವಾಯಿತು. ವೆಚ್ಚವು ಸುಮಾರು 4,850 ಕೋಟಿ ಯೆನ್ನು. ಮೀನುಗಳನ್ನು ತಡೆಯಲು ಕಟ್ಟಿದ್ದ ಬಲೆಗಳನ್ನು 1997ರಲ್ಲಿ ತೆಗೆದರು.

ಇಂದು ಆ ನೆಲವು ಉದ್ಯಾನವಾಗಿದೆ. ಆದರೂ ವಿಷವು ಅದರ ಕೆಳಗೆ ಇದ್ದೇ ಇರುವದು. ಉಕ್ಕು ತುಕ್ಕು ಹಿಡಿಯಬಲ್ಲದು. ಆ ನಾಡೋ ಭೂಕಂಪಗಳ ನಾಡು. ಆದಕಾರಣ ಪಾರದದ ವಿಷಯದಲ್ಲಿ ಶುದ್ಧಿಯೆಂದರೆ ನಾಶವಲ್ಲ, ಬಂಧನವು. ಬಂಧನವೆಂದರೆ ತಲೆತಲಾಂತರದ ಕಾವಲು. ಸತ್ತವರನ್ನೂ ಕೈಕಾಲು ಸೋತವರನ್ನೂ ಯಾವ ಯಂತ್ರವೂ ಮೊದಲಿನಂತೆ ಮಾಡಲಾರದು.

ಮೂಲದಲ್ಲಿಯೇ ತಡೆಯುವದೊಂದೇ ನಿಜವಾದ ಶುದ್ಧಿಯು. ಇದನ್ನರಿತು ರಾಷ್ಟ್ರಗಳು 2013ರಲ್ಲಿ ಆ ಊರಿನ ಹೆಸರಿನಿಂದಲೇ ಪಾರದನಿಯಂತ್ರಣದ ಒಪ್ಪಂದವನ್ನು ಮಾಡಿಕೊಂಡವು. ಅದು 2017ರಲ್ಲಿ ಜಾರಿಗೆ ಬಂದಿತು. ಭಾರತವೂ ಅದರಲ್ಲಿ ಸೇರಿದೆ. ಹಳೆಯ ಜ್ವರಮಾಪಕ, ಕೊಳವೆದೀಪಗಳಲ್ಲಿ ಪಾರದವು ಮನೆಮನೆಗೂ ಬಂದಿರುವದರಿಂದ, ಒಡೆದವುಗಳನ್ನು ತಿಪ್ಪೆಗಾಗಲಿ ಕೆರೆಬಾವಿಗಳಿಗಾಗಲಿ ಎಸೆಯದೆ ಬೇರೆಯಾಗಿ ಮುಚ್ಚಿಟ್ಟು, ತಕ್ಕ ಸಂಗ್ರಹಸ್ಥಾನಕ್ಕೆ ಒಪ್ಪಿಸುವದು ಗೃಹಸ್ಥರೆಲ್ಲರ ಕರ್ತವ್ಯವು. ಒಬ್ಬರು ಬಿಸುಟುದನ್ನು ಮತ್ತೊಬ್ಬರ ಮಕ್ಕಳು ಉಣ್ಣದಂತಾಗಲಿ.