ಹಲಗಲಿಯ ಕಾಳಗ ಮತ್ತು ಲಾವಣಿಯ ಸಾಕ್ಷಿ



ಮುಧೋಳ ಸೀಮೆಗೆ ಯುದ್ಧದ ಕಾವ್ಯ ಹೊಸದಲ್ಲ. ಬಳೆಗಾರರ ಮನೆತನದ ರನ್ನ ಅಲ್ಲಿಯವನು. ಸಾವಿರ ವರ್ಷಗಳ ಹಿಂದೆ ಅವನು ‘ಗದಾಯುದ್ಧ’ ಬರೆದ. ಅದೇ ಸೀಮೆಯ ಹಲಗಲಿಯಲ್ಲಿ 1857ರ ನವೆಂಬರ್ ಕೊನೆಗೆ ಒಂದು ಕಾಳಗ ನಡೆಯಿತು. ಅದರ ಮೇಲೆ ಒಂದು ಲಾವಣಿ ಹುಟ್ಟಿತು. ಒಂದನ್ನು ಹಳಗನ್ನಡದ ಕಪಾಟಿನಲ್ಲಿ, ಇನ್ನೊಂದನ್ನು ಜಾನಪದದ ಕಪಾಟಿನಲ್ಲಿ ಇಟ್ಟು ಓದುವ ನಮ್ಮ ರೂಢಿಗೆ ನನ್ನ ಒಪ್ಪಿಗೆಯಿಲ್ಲ. ರಣಭೂಮಿಯ ಕವಿತೆ ಯಾರ ಸಾವಿಗೆ ಅಳುತ್ತದೆ, ಯಾವ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎನ್ನುವ ಪ್ರಶ್ನೆಗೆ ಇವೆರಡನ್ನೂ ಕೂಡಿಸಿ ಓದಿದರೇ ಉತ್ತರ ಸಿಗುತ್ತದೆ.

ಮೊದಲು ಹಲಗಲಿಯ ಸಂಗತಿ. ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದ ವರ್ಷ ಅದು. ಅಪ್ಪಣೆಯಿಲ್ಲದೆ ಯಾರೂ ಹತಾರ ಇಟ್ಟುಕೊಳ್ಳಬಾರದೆಂದು ಕುಂಪಣಿ ಸರಕಾರ ಕಾಯಿದೆ ಮಾಡಿತು. ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಅಲ್ಲಿಯ ಬೇಡರಿಗೆ ಹತಾರವೆಂದರೆ ಬೇಟೆಯ ಅನ್ನ, ಕಾವಲಿನ ಕೆಲಸ, ಮನೆತನದ ಮಾನ. ಕೊಡೆವೆಂದರು. ಕುದುರೆ ದಂಡು ಬಂತು, ಅದರ ಹಿಂದೆ ಕರ್ನಲ್ ಮಾಲ್ಕಮ್‌ನ ಪಡೆ ಬಂತು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಮಂದಿಯನ್ನು 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು. ಸರಕಾರಿ ದಾಖಲೆಯ ಮಟ್ಟಿಗೆ ಕತೆ ಇಲ್ಲಿಗೆ ಮುಗಿಯಿತು.

ಲಾವಣಿ ಅಲ್ಲಿಗೆ ನಿಲ್ಲುವುದಿಲ್ಲ. ಕಟ್ಟಿದವನ ಹೆಸರು ನಮಗೆ ಬಂದಿಲ್ಲ. ಪದದ ಕೊನೆಗಿರುವುದು ಕುರ್ತಕೋಟಿಯ ಕಲ್ಮೇಶನ ಅಂಕಿತ, ದೇವರ ಹೆಸರು. ಈ ಹಾಡುಗಾರನಿಗೆ ಜಗಳದ ಮೂಲ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು. ಊರಿಗೆ ಬಂದ ಕಾರಕೂನನ ಮೇಲೆ ಸಿಟ್ಟು ತೀರಿಸಿ ಸುಮ್ಮನಾಗದೆ, ಹುಕುಂ ವಿಲಾಯತಿಯಿಂದಲೇ ಹೊರಟಿತೆಂದು ಹಾಡನ್ನು ಶುರುಮಾಡುತ್ತಾನೆ. ಹನುಮ, ಬಾಲ, ಜಡಗ, ರಾಮ ಎಂದು ತನ್ನವರನ್ನು ಹೆಸರು ಹಿಡಿದು ಕರೆಯುತ್ತಾನೆ. ಅವರಿಗೆ ಬಿರುದಿಲ್ಲ, ವಂಶಾವಳಿಯಿಲ್ಲ. ಕಟ್ಟೆಯ ಮೇಲೆ ಕೂತವರನ್ನು ಕೂಗಿದ ಹಾಗೆ ಆ ಹೆಸರುಗಳು ಬರುತ್ತವೆ.

ನಾನು ಮತ್ತೆ ಮತ್ತೆ ಮರಳುವ ಭಾಗ ಬೇರೆಯದು. ಕಾಳಗ ಮುಗಿದ ಮೇಲೆ ದಂಡು ಮನೆಮನೆಗೆ ನುಗ್ಗುತ್ತದೆ. ಅಲ್ಲಿ ಕವಿ ಹೆಣಗಳನ್ನು ಬಿಟ್ಟು ಸಾಮಾನು ಎಣಿಸಲು ತೊಡಗುತ್ತಾನೆ. ಉಪ್ಪು, ಜೀರಿಗೆ, ಅರಿಸಿನ, ಬೆಲ್ಲ, ಹಾಲು, ಬೆಣ್ಣೆ, ಕೊಡಲಿ, ಊಟದ ಗಂಗಾಳ, ಕೊನೆಗೆ ಬೀಸುವ ಕಲ್ಲು, ಮಂಗಳಸೂತ್ರ. ಡಪ್ಪಿನ ಗತ್ತು ಏರುತ್ತಿದ್ದ ಹಾಗೆ ಈ ಹೆಸರುಗಳು ಉಸಿರು ತೆಗೆದುಕೊಳ್ಳಲು ಬಿಡದೆ ಒಂದರ ಮೇಲೊಂದು ಬೀಳುತ್ತವೆ, ಕಣದಲ್ಲಿ ರಾಶಿ ಸುರಿದಂತೆ. ಪ್ರಾಸ ಇಲ್ಲಿ ಬರಿಯ ಅಲಂಕಾರವಾಗಿ ಬಂದಿಲ್ಲ, ಲೂಟಿಯ ಅವಸರವನ್ನೇ ಹೊತ್ತುಕೊಂಡಿದೆ. ಬಂದೂಕು ಕಸಿಯಲು ಬಂದವರಿಗೆ ಜೀರಿಗೆಯಿಂದ ಏನಾಗಬೇಕಿತ್ತು? ಕವಿ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ; ಪಟ್ಟಿ ಕೇಳಿಸುತ್ತದೆ, ಅಷ್ಟೇ. ಮನೆ ನಡೆಸಿದವರಿಗಷ್ಟೇ ಹೀಗೆ ಎಣಿಸಲು ಬರುತ್ತದೆ. ಈ ಸಾಲುಗಳ ಹಿಂದೆ ಹಲಗಲಿಯ ಹೆಣ್ಣುಮಕ್ಕಳ ಗೋಳು ಇದೆಯೆಂದು ನನ್ನ ನಂಬಿಕೆ. ಸುಟ್ಟ ಮನೆಯ ಮುಂದೆ ನಿಂತು ಅವರು ಆಡಿಕೊಂಡದ್ದು ಬಾಯಿಂದ ಬಾಯಿಗೆ ಹಾಡುಗಾರನವರೆಗೆ ಬಂದಿರಬೇಕು.

ಈಗ ರನ್ನನ ಕುರುಕ್ಷೇತ್ರಕ್ಕೆ ಬನ್ನಿ. ಅವನಿಗೆ ಒಡೆಯನಿದ್ದ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಕಾವ್ಯ ಬರೆಯುವ ಹೊಣೆಯಿತ್ತು. ಆದರೂ ರಣಭೂಮಿಯನ್ನು ನಮಗೆ ತೋರಿಸುವವನು ಗೆದ್ದ ಭೀಮನಲ್ಲ. ಸೋಲಿನ ಅಂಚಿಗೆ ಬಂದ ದುರ್ಯೋಧನ, ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ಮರುಳೊಂದು ಅವನನ್ನು ಹಂಗಿಸುತ್ತದೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಮಗ ಲಕ್ಷಣಕುಮಾರನ ಹೆಣದೆದುರು ಬಂದಾಗ, ತಂದೆಗೆ ಮಗ ಮಾಡಬೇಕಾದ ಕರ್ಮ ತಲೆಕೆಳಗಾಯಿತಲ್ಲ ಎಂದು ಮರುಗುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಮುಂದೂ ನಿಂತು ಅವನ ಸಾವಿಗೆ ಕೈಮುಗಿಯುತ್ತಾನೆ. ಒಡೆಯನನ್ನು ಹೊಗಳಲು ಕೂತ ಕವಿ, ಒಡೆಯನ ವೈರಿಯ ಕಣ್ಣಿಂದ ಯುದ್ಧವನ್ನು ನೋಡಿದ. ಇದು ಕನ್ನಡ ಕಾವ್ಯದ ದೊಡ್ಡ ಧೈರ್ಯಗಳಲ್ಲಿ ಒಂದು.

ಅಷ್ಟಾದರೂ ರನ್ನನ ಕಳದಲ್ಲಿ ಹೆಸರು ಹೇಳಿಸಿಕೊಳ್ಳುವ ಸತ್ತವರೆಲ್ಲ ಕುಲವಂತ ವೀರರು. ಕಾಲಾಳುಗಳು ರಾಶಿಯಲ್ಲಿದ್ದಾರೆ. ಹಲಗಲಿಯ ಲಾವಣಿಯಲ್ಲಿ ಆ ಕಾಲಾಳೇ ನಾಯಕ, ಅವನ ಅಡುಗೆಮನೆಯೇ ರಣಭೂಮಿ. ರನ್ನ ಬಿಟ್ಟ ಜಾಗವನ್ನು ಅದೇ ಸೀಮೆಯ ಕಾಳಗ ಎಂಟೂವರೆ ಶತಮಾನಗಳ ಮೇಲೆ ತುಂಬಿತು ಎಂದು ನಾನು ಓದುತ್ತೇನೆ.

ಲಾವಣಿ ಅಚ್ಚಿಗೆ ಬಂದ ದಾರಿಯನ್ನೂ ಹೇಳಬೇಕು. ಮುಂಬೈ ಪ್ರಾಂತದ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಪದ, ಸಂಗ್ಯಾನ ಪದ, ಹಲಗಲಿಯದು, ಎಲ್ಲ ಅಲ್ಲಿವೆ. ಊರು ಸುಟ್ಟು ಮೂವತ್ತು ವರ್ಷವೂ ಆಗಿರಲಿಲ್ಲ. ಕಣ್ಣಾರೆ ಕಂಡವರು ಬದುಕಿದ್ದ ಕಾಲ. ಸರಕಾರದ ವಿರುದ್ಧದ ಹಾಡನ್ನು ಅದೇ ಸರಕಾರದ ಅಧಿಕಾರಿ ಉಳಿಸಿಕೊಟ್ಟರು, ಆ ಉಪಕಾರವನ್ನು ನೆನೆಯೋಣ. ಆದರೆ ಫ್ಲೀಟ್ ಉಳಿಸಿದ್ದು ಪಾಠವನ್ನು. ಮಟ್ಟನ್ನು ಉಳಿಸಿದವರು ಡಪ್ಪು, ತುಂತುಣಿ ಹಿಡಿದು ಜಾತ್ರೆಯಿಂದ ಜಾತ್ರೆಗೆ ಹೋದ ಹಾಡುಗಾರರು.

ಈ ಪದ ನಮ್ಮ ಪ್ರೌಢಶಾಲೆಯ ಪಠ್ಯಕ್ಕೂ ಬಂದಿದೆ. ಸಂತೋಷ. ಆದರೆ ಮಕ್ಕಳು ಅದನ್ನು ಸಾರಾಂಶ ಬರೆಯಲು ಓದುತ್ತಾರೆ, ಹಾಡಿ ಕೇಳಿದವರು ಕಡಿಮೆ. ಏರು, ಇಳುವು ಎಂಬ ಗುರುತು ಪುಟದ ಮೇಲಿದ್ದರೆ ಸಾಲದು. ದನಿ ಎಲ್ಲಿ ಏರುತ್ತದೆಂದು ಕಿವಿಗೆ ಬೀಳಬೇಕು. ಈ ದತ್ತಿ ಉಪನ್ಯಾಸ ನಡೆಸುವ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು: ಮುಧೋಳ, ಬಾಗಲಕೋಟೆ, ಗದಗ ಭಾಗದ ಲಾವಣಿಕಾರರನ್ನು ಕರೆಸಿ, ಅವರವರ ಬಾಯಲ್ಲಿರುವಂತೆ ಹಲಗಲಿಯ ಪದವನ್ನು ಪೂರ್ತಿ ಧ್ವನಿಮುದ್ರಿಸಿ, ಫ್ಲೀಟರ ಪಾಠದ ಎದುರುಪುಟದಲ್ಲಿ ಅಚ್ಚು ಹಾಕಿಸಿ. ವಯಸ್ಸಾದವರಿಂದ ಶುರುಮಾಡಿ.