ಇಂದ್ರಾಯಣಿಯ ನೀರು, ಎರಡು ವಿಧಾನಸಭೆಗಳ ಹೊಣೆ



ನಮ್ಮ ಕನ್ನಡ ಸಮ್ಮೇಳನ ಸೇರಿರುವ ದೇಹು ರೋಡು ಕಂಟೋನ್ಮೆಂಟು. ಇಲ್ಲಿಯ ಆಡಳಿತ ಸಂಸತ್ತಿನ 2006ರ ಕಾಯ್ದೆಯಂತೆ ನಡೆಯುತ್ತದೆ. ಪಕ್ಕದ ಪಿಂಪ್ರಿ-ಚಿಂಚ್‌ವಡಕ್ಕೆ ಮಹಾನಗರಪಾಲಿಕೆ, ಸಂತ ತುಕಾರಾಮರ ದೇಹುವಿಗೆ ಬೇರೆಯೇ ಆಡಳಿತ. ಇಂದ್ರಾಯಣಿಗೆ ಈ ಗಡಿಗಳ ಗೊಡವೆಯಿಲ್ಲ. ಲೋಣಾವಳಾ ಬಳಿ ಹುಟ್ಟಿ, ದೇಹು, ಆಳಂದಿಗಳನ್ನು ಹಾದು ತುಳಾಪುರದಲ್ಲಿ ಅದು ಭೀಮೆಯನ್ನು ಕೂಡುತ್ತದೆ. ಭೀಮೆ ಉಜನಿ ಜಲಾಶಯ, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಸೀಮೆಗೆ ಇಳಿದು ರಾಯಚೂರಿನ ಹತ್ತಿರ ಕೃಷ್ಣೆಯ ಪಾಲಾಗುತ್ತದೆ. ಆ ಸೀಮೆಯಿಂದಲೇ ದುಡಿಮೆಗೆಂದು ಪುಣೆಯ ಸುತ್ತಮುತ್ತ ಬಂದು ನೆಲೆಸಿದ ಮನೆತನಗಳು ಎಷ್ಟೋ. ಇಲ್ಲಿ ಹೊಳೆಗೆ ಬಿಟ್ಟ ಕೊಳೆ ಅವರ ತವರಿನ ದಾರಿಯನ್ನೇ ಹಿಡಿಯುತ್ತದೆ. ಆಳಂದಿಯ ಘಾಟಿನಲ್ಲಿ ವಾರಕರಿಗಳು ಬಿಳಿ ನೊರೆಯ ನಡುವೆ ಮಿಂದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡದವರು ಯಾರು?

ಈ ಕೊಳೆ ತಡೆಯಲು ಕಾಯ್ದೆ ಇಲ್ಲವೆಂದಲ್ಲ. ಈ ವಿಷಯದಲ್ಲಿ ರಾಜ್ಯಗಳೇ ದಿಲ್ಲಿಗಿಂತ ಮುಂದಿದ್ದವು. ಮಹಾರಾಷ್ಟ್ರ 1969ರಲ್ಲೇ ಜಲಮಾಲಿನ್ಯ ತಡೆಗೆ ತನ್ನದೇ ಶಾಸನ ಮಾಡಿ, ಮರುವರ್ಷ ಮಂಡಳಿ ಕಟ್ಟಿತು. ಕೇಂದ್ರದ ಕಾಯ್ದೆ ಬಂದದ್ದು 1974ರಲ್ಲಿ. ಅದೂ ಸಂಸತ್ತು ತಾನಾಗಿ ಮಾಡಿದ್ದಲ್ಲ: ನೀರು ರಾಜ್ಯಪಟ್ಟಿಯ ವಿಷಯ, ಆದ್ದರಿಂದ ಸಂವಿಧಾನದ 252ನೇ ವಿಧಿಯಂತೆ 12 ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೇಳಿಕೊಳ್ಳಬೇಕಾಯಿತು. ಆ ಹನ್ನೆರಡರಲ್ಲಿ ಕರ್ನಾಟಕವೂ ಒಂದು.

2024ರಲ್ಲಿ ಇದೇ ಕಾಯ್ದೆಗೆ ತಿದ್ದುಪಡಿಯಾಯಿತು. ಹಲವು ತಪ್ಪುಗಳಿಗಿದ್ದ ಜೈಲುಶಿಕ್ಷೆ ಹೋಗಿ, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂತು. ಮೊದಲಿಗೆ ಅದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಬೇರೆ ರಾಜ್ಯ ಒಪ್ಪಬೇಕಾದರೆ ಅದರ ಶಾಸನಸಭೆ ನಿರ್ಣಯ ಮಾಡಲೇಬೇಕು. ದೊಡ್ಡ ಕಾರ್ಖಾನೆಗೆ 15 ಲಕ್ಷ ಯಾವ ಲೆಕ್ಕ ಎಂದು ಕೇಳಲು ಶಾಸಕರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಇಂಥ ನಿರ್ಣಯಗಳು ಸದನದಲ್ಲಿ ಚರ್ಚೆಯಿಲ್ಲದೆ ಪಾಸಾಗಬಾರದು.

ಶಾಸಕರು ಕೇಳಬೇಕಾದ ಇನ್ನೊಂದು ವಿಷಯ ಶುದ್ಧ ಇಂಧನ; ಅದರ ಕಥೆಯೂ ಇದೇ ಜಲಾನಯನದಲ್ಲಿ ಶುರುವಾಗುತ್ತದೆ. ಟಾಟಾ ಕಂಪನಿ ಲೋಣಾವಳಾ ಭಾಗದ ಕೆರೆಗಳ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಖೋಪೋಲಿಯಲ್ಲಿ 1915ರಿಂದ ಮುಂಬಯಿಗೆ ವಿದ್ಯುತ್ತು ಕೊಟ್ಟಿತು. ಭೀಮೆಗೆ ಹರಿಯಬೇಕಾದ ನೀರು ಕೊಂಕಣಕ್ಕೆ ಇಳಿಯಿತು. ಮುಳಶಿಯಲ್ಲಿ ಅದೇ ಕಂಪನಿಯ ಅಣೆಕಟ್ಟು ಏಳುವಾಗ ಗದ್ದೆ ಕಳೆದುಕೊಳ್ಳುವ ರೈತರು 1921ರಲ್ಲಿ ಸತ್ಯಾಗ್ರಹಕ್ಕಿಳಿದರು. ಮುಂದಾಳು ಸೇನಾಪತಿ ಬಾಪಟ್. ಅಣೆಕಟ್ಟು ನಿಂತಿತು, ಊರುಗಳು ಮುಳುಗಿದವು. ಹೊಗೆಯಿಲ್ಲದ ವಿದ್ಯುತ್ತಿಗೂ ಯಾರದೋ ನೆಲ ಬೇಕಾಗುತ್ತದೆ.

ಕರ್ನಾಟಕದ ಪಾವಗಡದಲ್ಲಿ ನೆಲದ ವಿಷಯ ಸ್ವಲ್ಪ ಬೇರೆ ರೀತಿ ನಡೆಯಿತು. ಸುಮಾರು 13,000 ಎಕರೆಯ, 2,050 ಮೆಗಾವಾಟ್‌ನ ಅಲ್ಲಿಯ ಸೌರ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರು. ಪಹಣಿಯಲ್ಲಿ ಹೆಸರಿದ್ದವರಿಗೆ ಇದು ಸರಿ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೂಲಿಯೂ ಹೋಯಿತು, ಬಾಡಿಗೆಯೂ ಬರಲಿಲ್ಲ. ಅವರ ಪಾಲು ಕಾಯ್ದೆಯಲ್ಲೇ ಬರೆದಿರಬೇಕೆಂಬುದು ನನ್ನ ವಾದ. ಒಪ್ಪಂದದ ದಯೆಗೆ ಅದನ್ನು ಬಿಡಲಾಗದು.

ಬರೆದಿಟ್ಟ ಕಾಯ್ದೆಯ ಕೊರತೆ ನ್ಯಾಯಾಲಯದ ಕಣ್ಣಿಗೂ ಬಿದ್ದಿದೆ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಎರೆಭೂತ ಹಕ್ಕಿ ಮತ್ತು ಸೌರ ವಿದ್ಯುತ್ ತಂತಿಗಳ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿತು. ಹವಾಮಾನಕ್ಕೆಂದೇ ಒಂದು ಸಮಗ್ರ ಕಾಯ್ದೆ ದೇಶದಲ್ಲಿಲ್ಲವೆಂದೂ ಹೇಳಿತು. ಅಮೆರಿಕದ ಮೊಂಟಾನಾ ರಾಜ್ಯದ 1972ರ ಸಂವಿಧಾನದಲ್ಲಿ ಆರೋಗ್ಯಕರ ಪರಿಸರದ ಹಕ್ಕಿದೆ. ಅದನ್ನೇ ಹಿಡಿದು ಅಲ್ಲಿಯ ಎಳೆಯರು 2023ರಲ್ಲಿ ತಮ್ಮ ಸರ್ಕಾರದ ವಿರುದ್ಧ ಮೊಕದ್ದಮೆ ಗೆದ್ದರು. ಬರೆದಿಟ್ಟ ಸಾಲಿಗೆ ಅಷ್ಟು ಬಲವಿದೆ.

ಹಾಗಾಗಿ ಸಮ್ಮೇಳನದ ಮುಂದೆ ಒಂದು ಕರಡು ನಿರ್ಣಯವಿದೆ. ಜಲಕಾಯ್ದೆಯ ತಿದ್ದುಪಡಿಯ ಬಗ್ಗೆ ಸದನದಲ್ಲಿ ಬಹಿರಂಗ ಚರ್ಚೆ, ಇಂಧನ ಯೋಜನೆಗಳಲ್ಲಿ ಭೂರಹಿತರಿಗೆ ಶಾಸನಬದ್ಧ ಪಾಲು, ನದಿಯ ಮೇಲಿನ ಯೋಜನೆಗಳ ಸಾರ್ವಜನಿಕ ಅಹವಾಲಿನಲ್ಲಿ ಕೆಳದಂಡೆಯ ಜಿಲ್ಲೆಗಳಿಗೂ ಮಾತಾಡುವ ಅವಕಾಶ. ಸಭೆ ಒಪ್ಪಿದರೆ ಅದು ಮರಾಠಿಯಲ್ಲಿ ಮುಂಬಯಿಗೂ ಕನ್ನಡದಲ್ಲಿ ಬೆಂಗಳೂರಿಗೂ ಹೋಗುತ್ತದೆ.