ಮೂರು ನಿಮಿಷ ಸುಮ್ಮನಿರೋಣ

ವೀಕ್ಷಕರೇ, "ಗಮನ ಇಟ್ಟು ಓದೋ" ಅಂತ ಮಕ್ಕಳನ್ನು ದಿನಕ್ಕೆ ಹತ್ತು ಸಲ ಗದರುತ್ತೇವೆ. ಗಮನ ಇಡೋದು ಹೇಗೆ ಅಂತ ಯಾವತ್ತಾದರೂ ಹೇಳಿಕೊಟ್ಟಿದ್ದೇವಾ?

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಹ್ಯಾಪಿನೆಸ್ ತರಗತಿ ಶುರುವಾಯಿತು. ಕೆಲ ನಿಮಿಷ ಕಣ್ಣು ಮುಚ್ಚಿ ಉಸಿರು ಗಮನಿಸೋದು ಅದರ ಮೊದಲ ಪಾಠ. ಬರದ ತಾಲ್ಲೂಕು ಜಗಳೂರಿನಲ್ಲೂ ಇದಕ್ಕೆ ಅನುದಾನ ಬೇಕಿಲ್ಲ, ಆ್ಯಪ್ ಬೇಕಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಮೂರು ನಿಮಿಷ ಸಾಕು.

ಅಲ್ಲೇ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮ ಇದೆ. ಗದ್ದಲ ಮಾಡಿದರೆ ಕೊಂಡುಕುರಿ ಕಾಣಲ್ಲ. ಮಗುವಿನ ಮನಸ್ಸಿನ ಭಯವೂ ಹಾಗೇ, ಗದರಿದರೆ ಅವಿತುಕೊಳ್ಳುತ್ತೆ.

ಹಾಗಂತ ಹಸಿದ ಮಗುವಿಗೆ ಧ್ಯಾನ ಮದ್ದಲ್ಲ. ಊಟ ಮೊದಲು, ಮೇಷ್ಟ್ರು ಮೊದಲು.

ಇನ್ನು ಮನೆಯಲ್ಲಿ? ರಾತ್ರಿ ಊಟಕ್ಕೆ ಕೂತಾಗ ಮೊಬೈಲ್ ಬದಿಗಿಡಿ. ಟಿವಿನೂ ಆರಿಸಿ. ಹೌದು, ನನ್ನ ದನಿಯನ್ನೂ! ಮಗು ಏನೋ ಹೇಳಬೇಕಂತಿದೆ, ಕೇಳಿಸಿಕೊಳ್ಳಿ.